ಬಾನಿಗೆ ತಿಳಿಯದ ಸುದ್ದಿ

೧೨ ನವೆಂಬರ್ ೨೦೦೪, ಹಳೇ ಹುಬ್ಬಳ್ಳಿ

ತಮ್ಮಾ ಚನ್ನಯ್ಯ, ಹೇಗಿದ್ದೀ? ನಿನ್ನ ಕೆಮ್ಮು ಹೇಗಿದೆ? ಶಿವಲಿಂಗವ್ವನ ಮೊಣಕಾಲು ಈ ಚಳಿಗೆ ಮತ್ತೆ ಹಿಡಿದಿಲ್ಲ ತಾನೆ? ಪ್ರಸಾದನ ಕಿರಿ ಮಗಳಿಗೆ ಹಲ್ಲು ಬಂದವೆ? ಕೋಡು ಮುರಿದುಕೊಂಡ ಎಮ್ಮೆ ಹಾಲಿಗೆ ನಿಂತಿತೆ? ನಾನಂತೂ ಗಟ್ಟಿಯಾಗಿದ್ದೇನೆ.

ಇದು ಅಂಚೆಗೆ ಹಾಕುವ ಪತ್ರವಲ್ಲ, ಡೈರಿ. ಹೊಸ ಕೆಲಸ ಕೊಟ್ಟ ಹುಡುಗಿ ಸುಕನ್ಯಾ ನನಗೆ ಎರಡು ಪುಸ್ತಕ ಕೊಟ್ಟಿದ್ದಾಳೆ. ಒಂದರಲ್ಲಿ ದಿನಾಲೂ ಟಾಕಿಯ ಬಿಸಿ, ನೀರಿನ ಬಣ್ಣ ಬರೆಯಬೇಕು. ಇನ್ನೊಂದನ್ನು ಕೊಡುವಾಗ "ಇದರಾಗ ನಿಮ್ಮ ಮನಸಿಗೆ ಬಂದದ್ದು ಬರ್ಕೊಳ್ರಿ ಅಜ್ಜಾರ" ಎಂದಳು. ಶಾಲೆಯ ಮುಖ ನೋಡದವನು ನಾನು. ಅಂಗಡಿಯ ಬೋರ್ಡು ನೋಡಿ ಅಕ್ಷರ ಕಲಿತು, ನಿನಗೆ ಕಾರ್ಡು ಬರೆದು ಬರೆದು ಕೈ ಕುದುರಿಸಿಕೊಂಡವನು. ತೇದಿ ಹಾಕಿದ ಕೂಡಲೆ ಕೈ ತಾನಾಗಿಯೇ ನಿನ್ನ ಹೆಸರಿಗೆ ಹೋಗುತ್ತದೆ. ಹೋಗಲಿ ಬಿಡು. ಕಾರ್ಡಿನಲ್ಲಿ ಹಿಡಿಯದ್ದು ಇಲ್ಲಿರಲಿ. ನೀನು ಬಂದಾಗ ಓದಿ ತೋರಿಸುತ್ತೇನೆ.

ಹೊಸ ಕೆಲಸದ ಸುದ್ದಿ ಹೇಳುತ್ತೇನೆ. ನಮ್ಮ ಕಮರುದ್ದೀನನ ತೊಗಲು ತೊಳೆಯುವ ಶೆಡ್ಡು ನಿನಗೆ ಗೊತ್ತಲ್ಲ. ಅದರ ಗಟಾರದ ಹತ್ತಿರ ಹೋದರೆ ಅಮೋನಿಯಾದ ಘಾಟಿಗೆ ಕಣ್ಣಲ್ಲಿ ನೀರು ಬರುತ್ತದೆ. ಕಾಲೇಜಿನಲ್ಲಿ ಸಂಶೋಧನೆ ಮಾಡುವ ಈ ಸುಕನ್ಯಾ ಅದೇ ನೀರು ಬೇಕೆಂದು ಬಂದಳು. ಗಾಳಿ ಸೋಕದ ಹಾಗೆ ನೀರು ಕಾಯಬಲ್ಲ ಮನುಷ್ಯ ಬೇಕು ಎಂದಳಂತೆ. ಕಮರುದ್ದೀನ ನನ್ನ ಮನೆಗೇ ಕರೆತಂದ. "ಸೀರಿಗೆ ಬಣ್ಣಾ ಹಾಕೂ ನೀಲಿ ಬಾನಿ ಕಾಯ್ದ ಕೈ ಇದು. ಈ ಓಣ್ಯಾಗ ಇದೊಂದ ಉಳದೈತಿ ನೋಡವ್ವಾ" ಎಂದ.

ಇಪ್ಪತ್ತು ವರ್ಷದ ಮೇಲೆ ಯಾರೋ ನನ್ನ ಕೈಯ ಹೆಸರು ಹೇಳಿದರು, ಚನ್ನಯ್ಯ.

೨೧ ನವೆಂಬರ್

ಶೆಡ್ಡಿನ ಹಿಂದಿನ ಕೋಣೆಯಲ್ಲಿ ಟಾಕಿ ಇಟ್ಟಿದ್ದಾರೆ. ಆಳೆತ್ತರದ ಕಬ್ಬಿಣದ ಟಾಕಿ, ಕಪ್ಪು ಬಣ್ಣ. ಹೊಟ್ಟೆಯ ಹತ್ತಿರ ಅಂಗೈಯಗಲದ ಗಾಜು. ಅದಕ್ಕೂ ಕಪ್ಪು ಬಟ್ಟೆ. ಮುಚ್ಚಳದಿಂದ ಒಂದು ಕೊಳವೆ ಬಂದು ನೀರಿನ ಬಾಟಲಿಯಲ್ಲಿ ಮುಳುಗಿದೆ. ಒಳಗಿನ ಗಾಳಿ ಗುಳ್ಳೆಯಾಗಿ ಹೊರಗೆ ಬರಬಹುದು, ಹೊರಗಿನದು ಒಳಗೆ ಹೋಗಲಾರದು. ಬೀಜಕ್ಕೆ ಗಟಾರದ ತಳದ ಕರಿ ಕೆಸರನ್ನು ಹಾಕಿದೆವು.

ಸುಕನ್ಯಾ ಬಿಡಿಸಿ ಹೇಳಿದಳು. "ಅಜ್ಜಾರ, ಹತ್ತು ವರ್ಷದ ಹಿಂದ ಹೊರದೇಶದಾಗ ಒಂದು ಬ್ಯಾಕ್ಟೀರಿಯಾ ಸಿಕ್ಕೈತ್ರಿ. ಅದಕ್ಕ ಆಮ್ಲಜನಕ ಬ್ಯಾಡ. ಗಾಳಿ ತಾಗಿದ್ರ ಕೆಲಸಾ ನಿಲ್ಲಸತೈತಿ. ಅಮೋನಿಯಾ ಮತ್ತ ನೈಟ್ರೈಟ್ ಅಂತ ಒಂದು ಉಪ್ಪು, ಎರಡೂ ಕೂಡಿಸಿ ತಿಂದು ಬರೇ ಸಾರಜನಕ ಬಿಡತೈತಿ. ನಾವು ಉಸಿರಾಡೂ ಗಾಳ್ಯಾಗ ಹೆಚ್ಚಿನ ಪಾಲು ಅದ ಐತಲ್ರಿ, ಅದು."

"ಎಷ್ಟು ದಿನದಾಗ ಹುಟ್ಟತೈತಿ?"

"ಒಂದು ಇದ್ದದ್ದು ಎರಡಾಗಾಕ ಎರಡು ವಾರ ಬೇಕ್ರಿ. ಕಣ್ಣಿಗೆ ಕಾಣಸಬೇಕಂದ್ರ ತಿಂಗಳಗಟ್ಲೆ. ನಮ್ಮ ಕೆಸರಿನಾಗ ಅದು ಐತೋ ಇಲ್ಲೋ ಅದೂ ಗೊತ್ತಿಲ್ರಿ."

ನಾನು ನಕ್ಕೆ. ಇದ್ದರೆ ಬರುತ್ತದೆ. ನಮ್ಮ ನೀಲಿ ಬಾನಿಗೂ ಇದೇ ಅಲ್ಲವೆ? ಗಾಳಿ ಸೋಕಬಾರದು, ಬೆಚ್ಚಗಿರಬೇಕು, ಎದುರಿಗೆ ಕೆಟ್ಟ ಮಾತು ಆಡಬಾರದು. ಟಾಕಿಗೆ ಎರಡು ಕರಿ ಕಂಬಳಿ ಸುತ್ತಿ ಸೆಣಬಿನ ಹಗ್ಗ ಬಿಗಿದೆ. ಕಮರುದ್ದೀನ ಬಾಗಿಲಲ್ಲಿ ನಿಂತು, "ಏನಪಾ ಶಿದ್ದಪ್ಪಣ್ಣ, ನಿನ್ನ ಬಾಣಂತಿಗೆ ಕಟ್ಟಿನ ಸಾರು ಕಳಸಲೇನು?" ಎಂದ. ಆ ಹುಡುಗಿ ಬಿದ್ದು ಬಿದ್ದು ನಕ್ಕಳು.

೩೦ ಜನವರಿ ೨೦೦೫

ತಮ್ಮಾ, ಎಲ್ಲರೂ ಆರಾಮ ಇದ್ದೀರೆಂದು ನಂಬಿದ್ದೇನೆ. ನಿನ್ನ ಕಾರ್ಡು ಮುಟ್ಟಿತು. ಶಿವಲಿಂಗವ್ವನಿಗೆ ಎಣ್ಣೆ ಬಿಸಿ ಮಾಡಿ ತಿಕ್ಕಲು ಹೇಳು.

ನಾನು ತಪ್ಪು ಮಾಡಿದೆ. ಎರಡು ತಿಂಗಳಾದರೂ ಟಾಕಿಯಲ್ಲಿ ಮಾತಿಲ್ಲ, ಗುಳ್ಳೆಯಿಲ್ಲ. ಬಾನಿ ಮುನಿಸಿಕೊಂಡರೆ ಅಜ್ಜ ಏನು ಮಾಡುತ್ತಿದ್ದ? ಬೆಲ್ಲ ಕೊಡುತ್ತಿದ್ದ. ನಾನೂ ಸುಕನ್ಯಾಗೆ ಹೇಳದೆ ಮೂರು ದಿನ ಬೆಲ್ಲದ ನೀರು ಉಣಿಸಿದೆ. ನಾಲ್ಕನೆಯ ದಿನ ಬುಳುಬುಳು ಶುರುವಾಯಿತು. ಕುಣಿದಾಡಿದೆ. ಐದನೆಯ ದಿನ ಕೊಳೆತ ತತ್ತಿಯ ನಾತ.

ಅವಳು ಬಂದು ಮೂಸಿದವಳೇ ನನ್ನ ಮುಖ ನೋಡಿದಳು. "ಅಜ್ಜಾರ, ಬೆಲ್ಲ ಹಾಕಿದ್ರೇನ್ರಿ?"

"ಒಂದೀಟು."

"ಬೆಲ್ಲ ತಿನ್ನೂವು ಬ್ಯಾರೇನ ಅದಾವ್ರಿ. ಅವು ಒಂದ ದಿನದಾಗ ಸಾವಿರ ಆಗ್ತಾವು, ಇವನ್ನ ಹೊಟ್ಟಿಗಿಲ್ಲದಂಗ ಮಾಡ್ತಾವು. ಇವು ಉಪಾಸದ ಮಂದಿ, ಅಜ್ಜಾರ. ಅಕ್ಕರತಿ ಮಾಡಿದ್ರ ಸಾಯ್ತಾವು."

ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಅರ್ಧ ನೀರು ತೆಗೆದು ಮತ್ತೆ ಮೊದಲಿನಿಂದ ಹಚ್ಚಿದೆವು. ನನ್ನ ಕೈಯಲ್ಲಿ ಇನ್ನೊಂದು ಬಾನಿ ಸಾಯಗೊಡುವುದಿಲ್ಲ.

೧೦ ಮಾರ್ಚ್

ನಿನ್ನ ಮೇಲಿನ ಸಿಟ್ಟನ್ನು ನಾನು ಬಿಟ್ಟು ಬಹಳ ವರ್ಷವಾಯಿತು. ಆದರೂ ಈ ಕೋಣೆಯಲ್ಲಿ ಕುಳಿತರೆ ಎಂಬತ್ತನಾಲ್ಕರ ಆ ದಿನ ನೆನಪಾಗುತ್ತದೆ.

ಮನುಷ್ಯರಿಗೆ ಸೂತಕವಿಲ್ಲ ಎನ್ನುವ ಮತ ನಮ್ಮದು. ಬಾನಿಗೆ ಮಾತ್ರ ಉಂಟು ಎನ್ನುತ್ತಿದ್ದ ಅಜ್ಜ. ಬಾನಿ ಕಾಯುವವನ ರಕ್ತದಲ್ಲಿ ಸಾವಾಗಿ ಆ ಸುದ್ದಿ ಅವನ ಕಿವಿಗೆ ಬಿತ್ತೆಂದರೆ, ಹೊತ್ತು ಮುಳುಗುವುದರೊಳಗೆ ಅವನೇ ಕೈಯಾರೆ ಬಾನಿ ಚೆಲ್ಲಬೇಕು. ಕಿವಿಗೆ ಬೀಳುವವರೆಗೆ ಬಾನಿ ಬದುಕಿರುತ್ತದೆ. ಮದುವೆಯ ಸೀರೆಗಳು ಬಾನಿಯಲ್ಲಿದ್ದಾಗ ಅಜ್ಜನಿಗೆ ಅವನ ಅಕ್ಕ ತೀರಿಕೊಂಡದ್ದನ್ನು ಮನೆಯವರು ಮೂರು ದಿನ ಹೇಳಿರಲಿಲ್ಲ. ನಿನಗೂ ಇದು ಗೊತ್ತಿತ್ತು. ಗೊತ್ತಿದ್ದೂ ನೀನು ಬಾಗಿಲಲ್ಲಿ ನಿಂತು "ಅಣ್ಣಾ, ಅವ್ವ ಹೋದ್ಳೋ" ಎಂದುಬಿಟ್ಟೆ. ಅಜ್ಜನ ಅಜ್ಜನಿಂದ ಬೀಜಕ್ಕೆ ಬೀಜವಾಗಿ ಬಂದ ಬಾನಿ. ಓಣಿಯ ಗಟಾರದ ತುಂಬ ನೀಲಿ ಹರಿಯಿತು. ಆಮೇಲೆ ಮೂರು ಸಲ ಹೊಸದಾಗಿ ಹಚ್ಚಿದೆ, ಹುಟ್ಟಲಿಲ್ಲ. ನೀನು ಮಾವನ ಹೊಲ ನೋಡಿಕೊಳ್ಳಲು ಮುಗದ ಊರಿಗೆ ಹೋದೆ.

ಅವ್ವ ಹೋದ ದುಃಖ, ನಿನಗೆ ಅಳು ತಡೆಯಲಿಲ್ಲ, ಹೇಳಿದೆ. ನಿನ್ನ ತಪ್ಪಲ್ಲ.

ಇವತ್ತು ಮುಂಜಾನೆ ಬಾಟಲಿಯಲ್ಲಿ "ಗುಳ್" ಎಂದಿತು. ಒಂದೇ ಸಲ. ಅರ್ಧ ತಾಸು ಕಾಯ್ದೆ. ಮತ್ತೊಂದು.

೨೬ ಏಪ್ರಿಲ್

ಬಣ್ಣ ಬಂದಿದೆ! ಸುಕನ್ಯಾ ಬಟ್ಟೆ ಸರಿಸಿ ಬ್ಯಾಟರಿ ಬಿಟ್ಟು ಚೀರಿದಳು. ಗಾಜಿನ ಒಳಮೈಗೆ ಕೆಂಪು ಹತ್ತಿದೆ. ಕುಂಕುಮದ ಕೆಂಪಲ್ಲ, ದಾಸವಾಳದ್ದಲ್ಲ. ಬಾಯಿಯೊಳಗಿನ ಕೆಂಪು. ಸಣ್ಣ ಸಣ್ಣ ಕಾಳುಗಳು ತಳದಲ್ಲಿ ಕೂತಿವೆ. ಗುಳ್ಳೆ ಬಂದಾಗ ಒಂದೆರಡು ಎದ್ದು, ಗಾಜಿನ ಹತ್ತಿರ ಬಂದು, ನಮ್ಮನ್ನು ನೋಡಿ ಹೋದ ಹಾಗೆ ಕೆಳಗಿಳಿಯುತ್ತವೆ.

ಅವಳು ಬಾಟಲಿಯ ಬಾಯಿಗೆ ಉರಿಯುವ ಊದಿನಕಡ್ಡಿ ಹಿಡಿದಳು. ಕೆಂಡ ಯಾರೋ ಚಿವುಟಿದ ಹಾಗೆ ಆರಿತು. "ನೋಡ್ರಿ, ಬರೇ ಸಾರಜನಕ. ವಿಷ ಅಲ್ಲ, ಆದ್ರ ಇದರಾಗ ಉಸಿರೂ ಇಲ್ಲ. ಕ್ವಾಣಿ ಕಿಡಕಿ ತಗದ ಇಡ್ರಿ ಅಜ್ಜಾರ" ಎಂದಳು.

ತೆಗೆದಿಟ್ಟೆ. ಅವಳು ಹೋದ ಮೇಲೆ ಹಾಕಿದೆ. ಹೊರಗಿನ ಗಾಳಿ ಬಂದಾಗ ಗುಳ್ಳೆ ನಿಧಾನವಾಗುತ್ತದೆ ಎಂದು ನನಗೆ ಅನಿಸುತ್ತದೆ.

ಕೆಮ್ಮು ಎದೆಗಿಳಿದಿದೆ ಎಂದು ಬರೆದಿದ್ದೀ. ಜಡ್ಡು ಬೆಳೆಸಬೇಡ. ಧಾರವಾಡಕ್ಕೆ ಹೋಗಿ ತೋರಿಸು.

೧೫ ಮೇ

ಪ್ರಸಾದ ಬಂದಿದ್ದ. ಚಪ್ಪಲಿಯನ್ನೂ ಬಿಡದೆ ನಿಂತೇ ಹೇಳಿದ. "ದೊಡ್ಡಪ್ಪಾ, ಅಪ್ಪಗ ಭಾಳ ಆಗೇತ್ರಿ. ಡಾಕ್ಟರು ಮನಿಗೆ ಒಯ್ರಿ ಅಂದಾರ. ಎಚ್ಚರಾದಾಗೊಮ್ಮೆ ಅಣ್ಣ ಬಂದನೇನು ಅಂತ ಕೇಳ್ತಾನ. ಈಗ ಪ್ಯಾಸೆಂಜರ್ ಗಾಡಿ ಐತಿ, ನಡೀರಿ."

"ಇನ್ನೆಂಟು ದಿನ ತಡಿಯಪ್ಪಾ. ಆಕಿ ಬಂದು ನೀರು ಪರೀಕ್ಷಾ ಮಾಡೂತನಕ ನಾ ಸರಿಯೂವಂಗಿಲ್ಲ."

"ಗಟಾರ ನೀರ ಸಲುವಾಗಿ, ದೊಡ್ಡಪ್ಪಾ?"

"ಮಗನ, ನಿನಗ ತಿಳಿಯೂದಿಲ್ಲ."

ಅವನು ಕಂಬಳಿ ಸುತ್ತಿದ ಟಾಕಿಯನ್ನು ನೋಡಿದ, ನನ್ನನ್ನು ನೋಡಿದ. ಅವನ ಮೀಸೆ ಥೇಟ್ ನಿನ್ನದೇ. ಕಮರುದ್ದೀನ ನಡುವೆ ಬಂದ. "ಹೋಗೋ ಮಾರಾಯಾ. ಇದಕ್ಕ ಉಪ್ಪು ಹಾಕೂದು ನಾ ಹಾಕ್ತೀನಿ. ನನ್ನ ಕೈಯೇನು ಕೊಳತಾವಾ?" ಅವನ ಕೈ ಒಳ್ಳೆಯದೇ. ಆದರೆ ಬಾನಿಗೆ ಒಂದೇ ಕೈ ಗೊತ್ತಿರಬೇಕು.

ಎಂಟು ದಿನ ಅಷ್ಟೆ. ಬರುತ್ತೇನೆ.

೨೮ ಮೇ

ಸುಕನ್ಯಾಗೆ ಪರೀಕ್ಷೆಯ ಕೆಲಸವಂತೆ, ಬರಲಿಲ್ಲ. ಅವಳು ಬಂದ ಮರುದಿನವೇ ಹೊರಡುತ್ತೇನೆ.

ಗುಳ್ಳೆ ಈಗ ನನ್ನ ಉಸಿರಿಗೊಂದು. ನಾನು ಉಸಿರು ಹಿಡಿದರೆ ಅದೂ ತಡೆಯುತ್ತದೆ. ಮಲಗುವ ಹೊರಸನ್ನು ಟಾಕಿಯ ಪಕ್ಕಕ್ಕೆ ಹಾಕಿಕೊಂಡಿದ್ದೇನೆ. ಕಿಟಕಿಯ ಸಂದಿಗಳಿಗೆ ಅರಿವೆ ತುರುಕಿ ಮೇಣ ಬಳಿದೆ. ಗಾಳಿಗೆ ತಲೆ ನೋಯುತ್ತಿತ್ತು, ಈಗ ಎಷ್ಟೋ ಹಗುರ.

ಅಮೋನಿಯಾದ ಘಾಟು ಹೋಗಿದೆ. ಕಮರುದ್ದೀನನೂ ಮೂಸಿ, "ಅರೇ, ಮಸೀದಿ ಅಂಗಳಾ ತೊಳದಂಗ ಐತಲ್ಲೋ!" ಎಂದ. ಅವನು ತಂದ ಮಲ್ಲಿಗೆಯ ಮಾಲೆಗೂ ವಾಸನೆ ಇರಲಿಲ್ಲ. ಈಗಿನ ಹೂವೇ ಹಾಗೆ. ಓಣಿಯ ಕರಿ ನಾಯಿ ದಿನಾಲೂ ನನ್ನ ಕಾಲು ಮೂಸುತ್ತಿತ್ತಲ್ಲ, ಇವತ್ತು ನಾನು ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ ಕಾಲ ಮೇಲಿನಿಂದ ದಾಟಿ ಹೋಯಿತು.

೧೧ ಜೂನ್

ಮುಗದದಿಂದ ಕಾರ್ಡು ಬಂದಿದೆ. ಮೂಲೆ ಹರಿದಿದೆ.

ಸಾವಿನ ಕಾರ್ಡಿಗೆ ಮೂಲೆ ಹರಿದು ಕಳಿಸುತ್ತಾರೆ, ಅದು ಎಲ್ಲರಿಗೂ ಗೊತ್ತು. ಆದರೆ ಇದು ಮಳೆಗಾಲ. ತೊಯ್ದ ಕಾರ್ಡಿನ ಮೂಲೆ ತಾನಾಗಿಯೂ ಹರಿಯುತ್ತದೆ. ಅಂಚೆಯವನು ನನ್ನ ಕೈಗೆ ಕೊಡುವಾಗ ಮುಖ ಬೇರೆ ಕಡೆ ಮಾಡಿದ್ದ; ಅವನಿಗೆ ಕಣ್ಣಲ್ಲಿ ಮಳೆ ಹೊಕ್ಕಿರಬೇಕು. ಕಮರುದ್ದೀನ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು, "ಶಿದ್ದಪ್ಪಣ್ಣ..." ಎಂದ.

"ಮಾತಾಡಬ್ಯಾಡ."

"ಓದರ ಓದೋ."

"ಚಾಳೀಸು ಸಿಕ್ಕಿಲ್ಲ."

ಚಾಳೀಸು ಮೂಗಿನ ಮೇಲೇ ಇತ್ತು. ಅವನು ಅದನ್ನೇ ನೋಡಿದ. ಕಾರ್ಡನ್ನು ಮಗುಚಿ, ಟಾಕಿಯ ಮುಚ್ಚಳದ ಮೇಲಿನ ಕಲ್ಲಿನ ಕೆಳಗೆ ಇಟ್ಟಿದ್ದೇನೆ.

೧೨ ಜೂನ್

ಗುಳ್. ಗುಳ್. ಗುಳ್.

೧೯ ಜೂನ್

ಪ್ರಸಾದ ಮತ್ತೆ ಬಂದ. ಓಣಿಯ ತುದಿಯಲ್ಲೇ ಅವನ ನಡಿಗೆ ಗುರುತು ಹಿಡಿದೆ. ಹಣೆಯ ತುಂಬ ವಿಭೂತಿ, ಎಣ್ಣೆ ಕಾಣದ ತಲೆ, ಗಡ್ಡ. ಅವನು ಹೊಸ್ತಿಲಿಗೆ ಬರುವಷ್ಟರಲ್ಲಿ ನಾನು ತೊಗಲು ತೊಳೆಯುವ ನೀರಿನ ಮೋಟಾರು ಹಚ್ಚಿದೆ. ಆ ಮೋಟಾರಿನ ಸದ್ದಿಗೆ ನಮ್ಮ ಮಾತು ನಮಗೇ ಕೇಳುವುದಿಲ್ಲ. ಅವನ ತುಟಿ ಅಲುಗಿದವು. ಎರಡು ಸಲ, ಮೂರು ಸಲ. ಕಣ್ಣೀರು ಇಳಿಯಿತು. ನಾನು ಕೈಯಾಡಿಸಿ, "ಕೇಳವಲ್ದಪಾ, ಕೇಳವಲ್ದು" ಎಂದೆ. ಅವನು ಕೂಗಿದ, ಕುತ್ತಿಗೆಯ ನರ ಉಬ್ಬಿದ್ದು ಕಂಡಿತು. ನನ್ನ ಕಣ್ಣು ಬಾಟಲಿಯ ಮೇಲಿತ್ತು. ಗುಳ್ಳೆ ನಿಂತಿತ್ತು, ಚನ್ನಯ್ಯ. ಪೂರಾ ನಿಂತು, ಆಲಿಸುತ್ತಿತ್ತು.

ಕೊನೆಗೆ ಅವನು ಒಂದು ಹಿಡಿ ಮಣ್ಣು ತೆಗೆದು ನನ್ನ ಬಾಗಿಲಿಗೆ ಎಸೆದು ಹೋದ. ಮೋಟಾರು ಆರಿಸಿದೆ. ಸ್ವಲ್ಪ ಹೊತ್ತಿನ ಮೇಲೆ, ಗುಳ್.

ಕಮರುದ್ದೀನ ಸಿಟ್ಟಿಗೆದ್ದಿದ್ದ. "ಇದು ನಿಮ್ಮಪ್ಪನ ನೀಲಿ ಬಾನಿ ಅಲ್ಲೋ! ಗಟಾರ ಇದು, ನನ್ನ ಗಟಾರ!"

"ಗಾಳಿ ಇಲ್ಲದ ಬದುಕತೈತಿ. ನನ್ನ ಕೈಯಾಗ ಬದುಕೇತಿ. ಮತ್ತ ಬಾನಿ ಅಂದ್ರ ಏನು?"

"ಅಲ್ಲಾ! ನೀ ಮೊದಲ ಹೊರಗ ಬಾ. ಒಳಗ ಆ ದೀಪಾ ನೋಡು, ಹೆಂಗ ಮಿಣಮಿಣ ಅನ್ನಾಕತ್ತೈತಿ."

ದೀಪದ ಬತ್ತಿ ಸಣ್ಣದು, ಅಷ್ಟೆ.

೫ ಜುಲೈ

ಸುಕನ್ಯಾ ಕೊನೆಗೂ ಬಂದಳು. ಒಳಗೆ ಕಾಲಿಡುತ್ತಲೇ "ಅಬ್ಬಾ, ಉಸಿರಾಡಾಕ ಆಗವಲ್ದು" ಎಂದು ಬಾಗಿಲು ತೆರೆದಿಟ್ಟಳು. ಟಾಕಿಗೆ ಹೋಗುವ ನೀರು, ಬರುವ ನೀರು, ಎರಡನ್ನೂ ಸೀಸೆಗಳಲ್ಲಿ ಪರೀಕ್ಷಿಸಿದಳು. ಹೋಗುವುದರಲ್ಲಿ ಅಮೋನಿಯಾ ಕಣ್ಣು ಉರಿಯುವಷ್ಟು. ಬರುವುದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಮೂರು ಸಲ ನೋಡಿದಳು.

"ಅಜ್ಜಾರ, ನೀವು ಇರದಿದ್ರ ಇದು ಆಗ್ತಿರಲಿಲ್ರಿ."

ಎಪ್ಪತ್ತರ ಹತ್ತಿರ ಬಂದು ಇಂಥ ಮಾತು ಕೇಳಿದೆ, ತಮ್ಮಾ. ನೀನಿದ್ದಿದ್ದರೆ, ಅಂದರೆ ನೀನು ಇಲ್ಲಿಗೆ ಬಂದಿದ್ದಿದ್ದರೆ, ತೋರಿಸುತ್ತಿದ್ದೆ.

ಆಮೇಲೆ ಅವಳು ದನಿ ತಗ್ಗಿಸಿದಳು. "ಕಮರುದ್ದೀನ ಚಾಚಾ ನಿಮ್ಮ ಮನಿ ವಿಷಯಾ ಹೇಳಿದ್ರು. ನನಗ ಗೊತ್ತ ಇರಲಿಲ್ರಿ..."

"ಬಾನಿ ಮುಂದ ಬ್ಯಾಡವ್ವಾ."

"ಅಜ್ಜಾರ, ಅದಕ್ಕ ಕಿವಿ ಇಲ್ರಿ."

"ನನಗ ಅದಾವಲ್ಲ."

ಅವಳು ಸೀಸೆಗಳನ್ನು ಚೀಲಕ್ಕೆ ಹಾಕಿಕೊಂಡಳು. ಮುಂದಿನ ತಿಂಗಳು ಅರ್ಧ ಬೀಜವನ್ನು ಕಾಲೇಜಿನ ದೊಡ್ಡ ಟಾಕಿಗೆ ಒಯ್ಯುತ್ತಾಳಂತೆ. "ಅದು ಅಲ್ಲೂ ಬದುಕತೈತ್ರಿ. ಇನ್ನ ನೀವು ಬಿಟ್ಟು ಹೋದ್ರೂ ಏನೂ ಆಗಂಗಿಲ್ಲ. ಊರಿಗೆ ಹೋಗಿ ಬರ್ರಿ" ಎಂದಳು. ಹೇಗೆ ಹೋಗಲಿ? ಊರಿಗೆ ಹೋದರೆ ಯಾರಾದರೂ ಮಾತನಾಡಿಯೇ ಆಡುತ್ತಾರೆ.

ಅವಳು ಹೋದ ಮೇಲೆ ಬಾಗಿಲ ಸಂದಿಗೂ ಅರಿವೆ ತುರುಕಿದೆ.

೧೭ ಜುಲೈ

ತಮ್ಮಾ ಚನ್ನಯ್ಯ, ಇವತ್ತು ಶಿವಲಿಂಗವ್ವ ಬಂದಿದ್ದಳು. ಒಬ್ಬಳೇ, ಆ ಮೊಣಕಾಲು ಹೊತ್ತು, ಮಳೆಯಲ್ಲಿ. ಕಮರುದ್ದೀನ ಎದ್ದು ಕುರ್ಚಿ ಕೊಟ್ಟ. ಅವಳು ಕೂರಲಿಲ್ಲ, ಹೊಸ್ತಿಲ ಹೊರಗೆ ನೆಲದ ಮೇಲೆ ಕುಳಿತಳು. ನಮ್ಮ ಮನೆಗೆ ಸೊಸೆಯಾಗಿ ಬಂದ ಹೆಣ್ಣು, ಬಾನಿಯ ಕಟ್ಟು ಅವಳಿಗೆ ಗೊತ್ತು. ನಾನು ಮೋಟಾರಿನ ಗುಂಡಿಗೆ ಕೈ ಹಚ್ಚಿದ್ದು ನೋಡಿ ಅಂದಳು:

"ಬ್ಯಾಡ್ರಿ ಬಾವಾರ. ನಾ ಏನೂ ಹೇಳಾಕ ಬಂದಿಲ್ಲ. ನೀವ ಕೇಳಿದ್ರ ಹೇಳತೇನಿ, ಇಲ್ಲಂದ್ರ ಇಲ್ಲ."

ಕೈ ತೆಗೆದೆ. ಸೆರಗು ಹಣೆಯ ಕೆಳಗಿನವರೆಗೆ ಎಳೆದುಕೊಂಡಿದ್ದಳು. ಒಳ್ಳೆಯದಾಯಿತು. ಕೈಗಳನ್ನೂ ಸೆರಗಿನೊಳಗೆ ಇಟ್ಟುಕೊಂಡಿದ್ದಳು.

"ಮೊಣಕಾಲು ಹೆಂಗೈತಿ ಶಿವಲಿಂಗವ್ವ?"

"ಹಂಗ ಐತ್ರಿ."

"ಎಮ್ಮಿ?"

"ಕರಾ ಹಾಕೇತ್ರಿ. ಹೆಣ್ಣಗರು."

"ಪ್ರಸಾದನ ಮಕ್ಕಳು?"

"ಸಣ್ಣಾಕಿ ನಡ್ಯಾಕ ಹತ್ಯಾಳ."

"ಗದ್ದಿ ನಾಟಿ ಆತು?"

"ಪ್ರಸಾದ ಮಾಡಿಸಿದಾ."

ಆಮೇಲೆ ಕೇಳಲು ಒಂದು ಹೆಸರಷ್ಟೇ ಉಳಿಯಿತು. ಅವಳು ಕಾಯ್ದಳು. ಮಳೆ ಬೀಳುತ್ತಿತ್ತು. ಕಮರುದ್ದೀನ ಗೋಡೆಗೆ ಮುಖ ಮಾಡಿ ನಿಂತಿದ್ದ. ಈ ಪುಸ್ತಕದಲ್ಲಿ ನೂರು ಸಲ ಬರೆದ ಮಾತು ಅದು, ಚನ್ನಯ್ಯ, ತೇದಿ ಹಾಕಿದ ಕೂಡಲೆ ಕೈಗೆ ಬರುವ ಮಾತು. ಬಾಯಿ ತೆರೆದೆ. ನನ್ನ ಬೆನ್ನ ಹಿಂದೆ ಗುಳ್ಳೆ ನಿಂತಿತು.

ಬಾಯಿ ಮುಚ್ಚಿಕೊಂಡೆ.

ಅವಳು ಗೋಡೆ ಹಿಡಿದು ಎದ್ದಳು. ಬುತ್ತಿಯ ಗಂಟನ್ನು ಹೊಸ್ತಿಲ ಮೇಲಿಟ್ಟಳು. "ಉಣ್ರಿ. ಭಾಳ ಸೊರಗೀರಿ. ತುಟಿ ನೀಲಿ ಆಗ್ಯಾವ ನೋಡ್ರಿ, ಮದಲ ಬಾನ್ಯಾಗ ಕೈ ಹಾಕಿದಾಗ ನಿಮ್ಮ ಉಗುರ ಆಗ್ತಿದ್ವಲ್ಲ, ಹಂಗ" ಎಂದಳು. ಅಷ್ಟೇ. ತಿರುಗಿ ನೋಡದೆ ಹೋದಳು.

ರೊಟ್ಟಿ, ಖಾರದ ಹಿಂಡಿ, ಮೇಲೆ ಒಂದು ಹಿಡಿ ಬೆಲ್ಲದ ಮಾದಲಿ. ತಿಂದೆ. ರುಚಿ ತಿಳಿಯಲಿಲ್ಲ. ಬಾಗಿಲು ಹಾಕಿ, ಸಂದಿಗೆ ಅರಿವೆ ಇಟ್ಟು, ಬರೆಯಲು ಕುಳಿತಿದ್ದೇನೆ. ಗುಳ್ಳೆ ಮತ್ತೆ ಹೊರಟಿದೆ, ಈಗ ನನಗಿಂತ ಜೋರು. ದೀಪದ ಬತ್ತಿ ಎರಡು ಸಲ ಮೇಲೆ ಮಾಡಿದೆ, ಏಳವಲ್ಲದು. ಕಮರುದ್ದೀನ ಹೊರಗಿನಿಂದ ಬಾಗಿಲು ಬಡಿಯುತ್ತಿದ್ದಾನೆ. ಬಡಿಯಲಿ, ಸ್ವಲ್ಪ ಹೊತ್ತಿಗೆ ದಣಿಯುತ್ತಾನೆ.

ನಾನು ಆರಾಮ ಇದ್ದೇನೆ, ತಮ್ಮಾ. ಬಾನಿಯೂ ಆರಾಮ ಇದೆ. ನಿಮ್ಮಲ್ಲಿ ಶಿವಲಿಂಗವ್ವ, ಪ್ರಸಾದ, ಮಕ್ಕಳು, ಎಮ್ಮೆ, ಹೊಸ ಕರು ಎಲ್ಲರೂ ಕ್ಷೇಮವೆಂದು ತಿಳಿಯಿತು. ನಿನ್ನದೊಂದೇ ತಿಳಿಯಲಿಲ್ಲ. ನೀನು ಹೇಗಿದ್ದೀ? ಯಾರ ಬಾಯಲ್ಲೂ ಹೇಳಿ ಕಳಿಸಬೇಡ, ಯಾರ ಕೈಯಲ್ಲೂ ಬರೆಸಬೇಡ. ನಿನ್ನ ಕೈಯಿಂದ ಎರಡೇ ಸಾಲು ಸಾಕು. ಲಗೂ ಬರೆ.